ಅಂಗೈ ಮೇಲಿನ ಜಲವಿಮಾನ

ಮಕ್ಕಳೇ, ಬೊಮ್ಮನಹಳ್ಳಿಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿರುವ ಬೆಳ್ಳಂದೂರು ಕೆರೆಯನ್ನು ನೀವು ನೋಡಿರಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಕೆರೆಯ ನೀರಿನ ಮೇಲೆ ವಿಮಾನಗಳು ಇಳಿಯುತ್ತಿದ್ದವು! ಅವು ‘ಕ್ಯಾಟಲೀನಾ’ ಎಂಬ ಜಲವಿಮಾನಗಳು. ಇಂದು ಎಚ್‌ಎಎಲ್ ಎಂದು ಕರೆಯುವ ವಿಮಾನ ಕಾರ್ಖಾನೆಗೆ ಅವು ದುರಸ್ತಿಗಾಗಿ ಬರುತ್ತಿದ್ದವು.

ಅದಕ್ಕೂ ಮೊದಲು ಯುರೋಪಿನಲ್ಲಿ ಜಲವಿಮಾನಗಳ ಓಟದ ಪಂದ್ಯಗಳೇ ನಡೆಯುತ್ತಿದ್ದವು. 1913ರಲ್ಲಿ ಆರಂಭವಾದ ‘ಶ್ನೈಡರ್ ಟ್ರೋಫಿ’ ಅವುಗಳಲ್ಲಿ ಪ್ರಸಿದ್ಧವಾದುದು. 1931ರ ಕೊನೆಯ ಪಂದ್ಯವನ್ನು ಬ್ರಿಟನ್ನಿನ ‘ಸೂಪರ್‌ಮರೀನ್ ಎಸ್.6ಬಿ’ ಗೆದ್ದಿತು. ಅದಕ್ಕೆ ಚಕ್ರಗಳಿರಲಿಲ್ಲ, ಬದಲಿಗೆ ದೋಣಿಯಂಥ ಎರಡು ತೇಲುವ ಭಾಗಗಳಿದ್ದವು. ಅದೇ ತಿಂಗಳು ಅದು ಗಂಟೆಗೆ 650 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಹಾರಿ ವಿಶ್ವದಾಖಲೆ ಮಾಡಿತು.

ಇಂಥ ವಿಮಾನಗಳ ಪ್ಲಾಸ್ಟಿಕ್ ಮಾದರಿಗಳು ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ಸಿಗುತ್ತವೆ. ಅಂಟು ಹಾಕಿ ಜೋಡಿಸಿ, ಬಣ್ಣ ಬಳಿಯಬೇಕು. ಪೆಟ್ಟಿಗೆಯ ಮೇಲೆ ‘1:72’ ಎಂದಿದ್ದರೆ ಏನರ್ಥ? ನಿಜವಾದ ವಿಮಾನದ 72 ಸೆಂ.ಮೀ. ಉದ್ದವು ಮಾದರಿಯಲ್ಲಿ 1 ಸೆಂ.ಮೀ. ಆಗಿದೆ ಎಂದರ್ಥ. ಎಸ್.6ಬಿಯ ರೆಕ್ಕೆಗಳ ಒಟ್ಟು ಅಗಲ 914 ಸೆಂ.ಮೀ. ಅದನ್ನು 72ರಿಂದ ಭಾಗಿಸಿದರೆ ಸುಮಾರು 12.7 ಸೆಂ.ಮೀ. ನಿಮ್ಮ ಅಂಗೈ ಮೇಲೆ ನಿಲ್ಲುವಷ್ಟು!

ಈಗ ಒಂದು ಒಗಟು. ಹಾರಲು ಸಿದ್ಧವಾದ ಎಸ್.6ಬಿಯ ತೂಕ ಸುಮಾರು 2,760 ಕಿ.ಗ್ರಾಂ. ಅದನ್ನೂ 72ರಿಂದ ಭಾಗಿಸಿದರೆ 38 ಕಿ.ಗ್ರಾಂ. ಬರುತ್ತದೆ. ಅಂಗೈ ಮೇಲಿನ ಆಟಿಕೆ ನಿಮ್ಮಷ್ಟೇ ತೂಗುವುದುಂಟೇ? ನಮ್ಮ ಲೆಕ್ಕ ಎಲ್ಲಿ ತಪ್ಪಿತು?

ಮಾಡಿ ನೋಡಿ

ಒಂದೇ ಅಳತೆಯ ಎಂಟು ದಾಳಗಳನ್ನು ತೆಗೆದುಕೊಳ್ಳಿ. ಅವನ್ನು ಜೋಡಿಸಿ ಒಂದು ದೊಡ್ಡ ಘನ ಮಾಡಿ. ಅದರ ಉದ್ದ, ಅಗಲ, ಎತ್ತರ ಒಂದು ದಾಳದ ಎರಡರಷ್ಟು. ತೂಕ ಮಾತ್ರ ಎಂಟರಷ್ಟು! ಏಕೆಂದರೆ 2×2×2 = 8.

ಹಾಗೆಯೇ ಉದ್ದ 72 ಪಾಲು ಕುಗ್ಗಿದರೆ ತೂಕ 72×72×72, ಅಂದರೆ 3,73,248 ಪಾಲು ಕುಗ್ಗಬೇಕು. ಆಗ ಬರುವ ಉತ್ತರ ಸುಮಾರು 7 ಗ್ರಾಂ ಮಾತ್ರ.

ಆದರೆ ಪ್ಲಾಸ್ಟಿಕ್ ಮಾದರಿಯನ್ನು ಇಷ್ಟು ಹಗುರವಾಗಿ ಮಾಡುವುದು ಕಷ್ಟ. ಅದರ ಹಾಳೆಯ ದಪ್ಪ 1 ಮಿ.ಮೀ. ಇದ್ದರೂ, ನಿಜವಾದ ವಿಮಾನದ ಲೆಕ್ಕದಲ್ಲಿ ಅದು 7.2 ಸೆಂ.ಮೀ. ದಪ್ಪದ ಗೋಡೆ! ಅಷ್ಟು ದಪ್ಪ ಗೋಡೆಯ ವಿಮಾನ ಮೇಲೇಳುವುದೇ? ಮಾದರಿಯು ಆಕಾರವನ್ನು ಸರಿಯಾಗಿ ತೋರಿಸುತ್ತದೆ; ತೂಕವನ್ನಲ್ಲ. ಮಾದರಿ ನೋಡಿ ಏನನ್ನಾದರೂ ನಿರ್ಧರಿಸುವ ಮೊದಲು ಇದು ನೆನಪಿರಲಿ.

ಲೆಕ್ಕ ಹಾಕಿ

1. 1:48 ಮಾದರಿಯಲ್ಲಿ ಎಸ್.6ಬಿಯ ರೆಕ್ಕೆಗಳ ಅಗಲ ಎಷ್ಟು?
2. ಕ್ಯಾಟಲೀನಾದ ರೆಕ್ಕೆಗಳ ಅಗಲ ಸುಮಾರು 31.7 ಮೀಟರ್. ಅದನ್ನು ಶಾಲೆಯ ಮೈದಾನದಲ್ಲಿ ಹಗ್ಗದಿಂದ ಅಳೆದು ಗುರುತಿಸಿ. 1:72 ಮಾದರಿಯಲ್ಲಿ ಅದು ಎಷ್ಟಾಗುತ್ತದೆ?

ಉತ್ತರ: 1. ಸುಮಾರು 19 ಸೆಂ.ಮೀ. 2. ಸುಮಾರು 44 ಸೆಂ.ಮೀ.