ಊರಿನ ಸೇವಾ ತಂಡಕ್ಕೆ ಕಾನೂನಿನ ರೂಪ: ಸಂಘವೋ, ಟ್ರಸ್ಟೋ, ಕಂಪನಿಯೋ?

ಗ್ರಾಮಗಳಲ್ಲಿ ಸೇವಾಕಾರ್ಯವು ಸಾಮಾನ್ಯವಾಗಿ ನೋಂದಣಿ ಕಚೇರಿಯಲ್ಲಿ ಹುಟ್ಟುವುದಿಲ್ಲ, ಊರಿನ ಕೊರತೆಯೊಂದರಿಂದ ಹುಟ್ಟುತ್ತದೆ. ಹಾಸಿಗೆ ಹಿಡಿದ ವೃದ್ಧರಿಗೆ ಮಂಚ, ಗಾಲಿಕುರ್ಚಿ, ಊರುಗೋಲುಗಳನ್ನು ಎರವಲು ನೀಡುವ ಹತ್ತು ಮಂದಿಯ ತಂಡವೊಂದನ್ನು ಉದಾಹರಣೆಗಾಗಿ ಭಾವಿಸಬಹುದು. ಪರಸ್ಥಳದಲ್ಲಿ ನೆಲೆಸಿರುವ ಊರಿನವರು ಕಳುಹಿಸುವ ದೇಣಿಗೆ ಖಜಾಂಚಿಯ ಸ್ವಂತ ಉಳಿತಾಯ ಖಾತೆಗೆ ಜಮೆಯಾಗುತ್ತದೆ. ಸಾಮಗ್ರಿಗಳನ್ನು ಮತ್ತೊಬ್ಬ ಸದಸ್ಯರ ಕೊಟ್ಟಿಗೆಯಲ್ಲಿ ಇರಿಸಲಾಗಿರುತ್ತದೆ. ನಂಬಿಕೆಯ ಬಲದಿಂದ ಎರಡು ಮೂರು ವರ್ಷ ಎಲ್ಲವೂ ಸುಗಮವಾಗಿ ಸಾಗುತ್ತದೆ. ಒಂದು ದಿನ ಖಜಾಂಚಿ ಅಕಾಲ ಮರಣಕ್ಕೆ ತುತ್ತಾದರೆ ಬ್ಯಾಂಕಿನ ದೃಷ್ಟಿಯಲ್ಲಿ ಆ ಹಣ ಮೃತರದ್ದು. ನಾಮನಿರ್ದೇಶಿತರು ಇಲ್ಲವೇ ವಾರಸುದಾರರು ಅದನ್ನು ಪಡೆಯುತ್ತಾರೆ. ಊರಿನ ಹತ್ತು ಜನ ಬಂದು ಅದು ತಮ್ಮ ತಂಡದ ಹಣವೆಂದು ಸಾಕ್ಷಿ ನುಡಿದರೂ ಶಾಖಾ ವ್ಯವಸ್ಥಾಪಕರು ಅದನ್ನು ತಂಡಕ್ಕೆ ಕೊಡಲಾರರು. ಖಜಾಂಚಿ ಬದುಕಿರುವಾಗಲೂ ಸಂಕಟ ತಪ್ಪಿದ್ದಲ್ಲ. ತಮ್ಮ ಖಾತೆಗೆ ಬಂದ ಹಣ ತಮ್ಮ ಆದಾಯವಲ್ಲವೆಂದು ತೆರಿಗೆ ಅಧಿಕಾರಿಗಳಿಗೆ ವಿವರಿಸುವ ಹೊಣೆ ಅವರ ತಲೆಯ ಮೇಲೆಯೇ ಬರುತ್ತದೆ.

ನೋಂದಣಿಯಾಗದ ತಂಡವು ತನ್ನ ಹೆಸರಿನಲ್ಲಿ ಆಸ್ತಿ ಹೊಂದುವುದಾಗಲಿ, ಸರ್ಕಾರಿ ಅನುದಾನ ಪಡೆಯುವುದಾಗಲಿ ಕಾರ್ಯತಃ ಸಾಧ್ಯವಿಲ್ಲ. ಆದ್ದರಿಂದ ಕೆಲಸ ಒಂದು ಹಂತಕ್ಕೆ ಬೆಳೆದ ಬಳಿಕ ಕಾನೂನಿನ ರೂಪವೊಂದನ್ನು ಆರಿಸಿಕೊಳ್ಳಬೇಕಾಗುತ್ತದೆ. ಯಾವ ನೋಂದಣಿಗೆ ಖರ್ಚು ಕಡಿಮೆ, ಯಾವುದು ಬೇಗ ಆಗುತ್ತದೆ ಎಂಬುದೇ ಬಹುತೇಕ ತಂಡಗಳು ಪತ್ರ ಬರಹಗಾರರ ಮುಂದೆ ಇಡುವ ಮೊದಲ ಪ್ರಶ್ನೆ. ಅದಕ್ಕಿಂತ ಮೊದಲು ತಂಡವು ತನ್ನೊಳಗೇ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯಿದೆ. ನಾಳೆ ಭಿನ್ನಾಭಿಪ್ರಾಯ ತಲೆದೋರಿದರೆ ಕೊನೆಯ ಮಾತು ಯಾರದು? ಊರಿನ ಸದಸ್ಯರದೋ, ಆರಂಭಿಸಿದ ನಾಲ್ವರದೋ? ಈ ಪ್ರಶ್ನೆಗೆ ಸಿಗುವ ಉತ್ತರವೇ ಸಂಸ್ಥೆಯ ರೂಪವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಸಂಘ

ಕೊನೆಯ ಮಾತು ಸದಸ್ಯರದೆಂದು ತೀರ್ಮಾನವಾದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ಸಂಘವಾಗಿ ನೋಂದಾಯಿಸಿಕೊಳ್ಳುವುದು ಸೂಕ್ತ. ಇದಕ್ಕೆ 18 ವರ್ಷ ಮೀರಿದ ಕನಿಷ್ಠ 7 ಮಂದಿ ಬೇಕು. ಜ್ಞಾಪನಾ ಪತ್ರ ಮತ್ತು ನಿಯಮಾವಳಿಯನ್ನು ಸಿದ್ಧಪಡಿಸಿ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕಾಗುತ್ತದೆ. ಸಹಕಾರ ಸಂಘಗಳ ಕಾಯ್ದೆ, 1959 ಹಾಗೂ ಸೌಹಾರ್ದ ಸಹಕಾರಿ ಕಾಯ್ದೆ, 1997 ಇದರಿಂದ ಭಿನ್ನವಾದವು. ಅವು ಸದಸ್ಯರ ಆರ್ಥಿಕ ಹಿತಕ್ಕಾಗಿ ಇರುವ ಸಂಸ್ಥೆಗಳಿಗೆ ಸಂಬಂಧಿಸಿದ್ದು, ಧರ್ಮಾರ್ಥ ಸೇವೆಗೆ ಹೊಂದುವಂಥವಲ್ಲ. ಹೆಸರುಗಳು ಹತ್ತಿರವಿರುವುದರಿಂದ ಇಲ್ಲಿ ಗೊಂದಲ ಪದೇ ಪದೇ ಆಗುತ್ತದೆ.

ಸಂಘದಲ್ಲಿ ಪ್ರತಿ ವರ್ಷ ಸರ್ವ ಸದಸ್ಯರ ಸಭೆ ನಡೆಯಬೇಕು. ಸಭೆಯ ನಂತರ ಕಾರ್ಯಕಾರಿ ಸಮಿತಿಯ ಪಟ್ಟಿಯನ್ನೂ ಪರಿಶೋಧಿತ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ನೋಂದಣಿಯ ಉತ್ಸಾಹ ಇಳಿದ ಮೇಲೆ ಹಲವು ಸಂಘಗಳು ಮರೆಯುವುದು ಇದನ್ನೇ. ನಾಲ್ಕೈದು ವರ್ಷಗಳ ಪಟ್ಟಿ ಸಲ್ಲಿಕೆಯಾಗದೆ ಉಳಿದಿರುವ ಸಂಘವು ಅನುದಾನಕ್ಕೆ ಅರ್ಜಿ ಹಾಕಿದಾಗ, ಪ್ರಸ್ತುತ ಪದಾಧಿಕಾರಿಗಳು ಯಾರೆಂಬುದಕ್ಕೇ ದಾಖಲೆ ಇರುವುದಿಲ್ಲ. ಹಿಂದಿನ ಅಧ್ಯಕ್ಷರೂ ಈಗಿನ ಅಧ್ಯಕ್ಷರೂ ತಾವೇ ಅಧ್ಯಕ್ಷರೆಂದು ಬ್ಯಾಂಕಿಗೆ ಪತ್ರ ಬರೆದರೆ ಖಾತೆಯ ವಹಿವಾಟು ನಿಲ್ಲುತ್ತದೆ. ಆಗ ಎರವಲು ಮಂಚಕ್ಕಾಗಿ ಕಾಯುವ ಮನೆಗಳಿಗೆ ಮಂಚ ತಲುಪುವುದಿಲ್ಲ.

ಸಂಘದ ವ್ಯಾಜ್ಯಗಳಲ್ಲಿ ಮತ್ತೆ ಮತ್ತೆ ಮೇಲೇಳುವ ಪ್ರಶ್ನೆ ಮತ ಹಾಕುವ ಹಕ್ಕುಳ್ಳ ಸದಸ್ಯರು ಯಾರು ಎಂಬುದು. ಚಂದಾ ರಶೀದಿ ಇಲ್ಲದ, ಸದಸ್ಯತ್ವ ಪುಸ್ತಕದಲ್ಲಿ ಹೆಸರಿಲ್ಲದ ನೂರು ಮಂದಿ ಚುನಾವಣೆಯ ದಿನ ಸಭಾಂಗಣಕ್ಕೆ ಬಂದು ನಿಂತರೆ ನಿಯಮಾವಳಿಯೇ ಉತ್ತರ ಹೇಳಬೇಕಾಗುತ್ತದೆ. ಆದಕಾರಣ ಸದಸ್ಯತ್ವ ಯಾವಾಗ ಆರಂಭ, ಚಂದಾ ಬಾಕಿಯಾದರೆ ಯಾವಾಗ ಅಂತ್ಯ, ಸಭೆಗೆ ಎಷ್ಟು ದಿನಗಳ ಮುಂಚಿತ ನೋಟಿಸು, ಕೋರಂ ಎಷ್ಟು, ಚೆಕ್ಕಿಗೆ ಯಾವ ಇಬ್ಬರ ಸಹಿ ಎಂಬಿಷ್ಟನ್ನು ತಂಡದವರೇ ಕುಳಿತು ಚರ್ಚಿಸಿ ಬರೆಯುವುದು ಅಗತ್ಯ. ಅಂಗಡಿಯಲ್ಲಿ ಸಿಗುವ ಸಿದ್ಧ ನಿಯಮಾವಳಿಗೆ ಹೆಸರು ತುಂಬಿ ಸಲ್ಲಿಸುವ ರೂಢಿಯಿಂದ ನೋಂದಣಿಯೇನೋ ದೊರೆಯುತ್ತದೆ, ಆದರೆ ಜಗಳದ ದಿನ ಆ ಕಾಗದ ಕೈಕೊಡುತ್ತದೆ. ಸಂಘದ ವ್ಯವಹಾರಗಳ ಬಗ್ಗೆ ವಿಚಾರಣೆ ನಡೆಸುವ ಅಧಿಕಾರ ನೋಂದಣಾಧಿಕಾರಿಗೆ ಇದೆ. ಆಡಳಿತಾಧಿಕಾರಿಯನ್ನು ನೇಮಿಸಲು ಸರ್ಕಾರಕ್ಕೂ ಕಾಯ್ದೆಯಲ್ಲಿ ಅವಕಾಶವಿದೆ. ಇದನ್ನು ಕೆಲವರು ತೊಡಕೆಂದು ಭಾವಿಸುತ್ತಾರೆ. ಊರಿನ ಹಣದಿಂದ ನಡೆಯುವ ಸಂಸ್ಥೆಯ ಸಾಮಾನ್ಯ ಸದಸ್ಯನಿಗೆ ಅದು ಆಸರೆಯೂ ಹೌದು.

ಟ್ರಸ್ಟ್

ಒಬ್ಬರು ಅಥವಾ ಒಂದು ಕುಟುಂಬ ಜಮೀನನ್ನೋ ಮೂಲಧನವನ್ನೋ ನಿರ್ದಿಷ್ಟ ಉದ್ದೇಶಕ್ಕೆ ಮೀಸಲಿಟ್ಟು, ಆ ಉದ್ದೇಶ ಮುಂದೆಂದೂ ಬದಲಾಗಬಾರದೆಂದು ಬಯಸಿದಲ್ಲಿ ಸಾರ್ವಜನಿಕ ಧರ್ಮಾರ್ಥ ಟ್ರಸ್ಟ್ ಸರಿಯಾದ ರೂಪ. ಟ್ರಸ್ಟ್ ಪತ್ರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲಾಗುತ್ತದೆ. ಭಾರತೀಯ ನ್ಯಾಸಗಳ ಕಾಯ್ದೆ, 1882 ಖಾಸಗಿ ಟ್ರಸ್ಟ್‌ಗಳಿಗೆ ಸಂಬಂಧಿಸಿದ್ದು, ಸಾರ್ವಜನಿಕ ಧರ್ಮಾರ್ಥ ಟ್ರಸ್ಟ್‌ಗಳಿಗೆ ನೇರವಾಗಿ ಅನ್ವಯಿಸುವುದಿಲ್ಲ ಎಂಬುದನ್ನು ಗಮನಿಸಬೇಕು.

ಟ್ರಸ್ಟ್‌ನಲ್ಲಿ ಸರ್ವ ಸದಸ್ಯರ ಸಭೆಯಿಲ್ಲ, ಚುನಾವಣೆಯೂ ಇಲ್ಲ. ನಿರ್ಧಾರಗಳು ಟ್ರಸ್ಟಿಗಳದೇ. ಕೆಲಸ ಚುರುಕಾಗಿ ಸಾಗಲು ಇದು ಅನುಕೂಲಕರ. ಆದರೆ ಟ್ರಸ್ಟಿಗಳು ದಾರಿ ತಪ್ಪಿದರೆ ದೇಣಿಗೆ ಕೊಟ್ಟ ಊರಿನವರು ಕೈ ಎತ್ತಿ ಅವರನ್ನು ಇಳಿಸುವಂತಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆ, 1908ರ 92ನೇ ಕಲಂನ ಪ್ರಕಾರ ಅಡ್ವೊಕೇಟ್ ಜನರಲ್ ಅವರಾಗಲಿ, ಟ್ರಸ್ಟ್‌ನಲ್ಲಿ ಹಿತಾಸಕ್ತಿಯುಳ್ಳ ಇಬ್ಬರು ಅಥವಾ ಹೆಚ್ಚು ಮಂದಿ ನ್ಯಾಯಾಲಯದ ಅನುಮತಿ ಪಡೆದಾಗಲಿ ದಾವೆ ಹೂಡಬೇಕಾಗುತ್ತದೆ. ಮನೆಮನೆಯಿಂದ ವಂತಿಗೆ ಎತ್ತಿ ನಡೆಸುವ ಕೆಲಸಕ್ಕೆ ನಾಲ್ವರು ಸ್ನೇಹಿತರ ಟ್ರಸ್ಟ್ ರಚಿಸುವುದು ಕಾನೂನುಬಾಹಿರವಲ್ಲ. ಆದರೂ ಹಣ ಕೊಟ್ಟವರಿಗೆ ಮಾತಿನ ಹಕ್ಕು ಇಲ್ಲದ ರೂಪವನ್ನು ಆರಿಸುವ ಮುನ್ನ ಅದನ್ನು ಅವರಿಗೆ ತಿಳಿಸುವುದು ನ್ಯಾಯ.

ಕಂಪನಿ ಕಾಯ್ದೆ, 2013ರ 8ನೇ ಕಲಂನ ಅಡಿಯಲ್ಲಿ ಲಾಭ ಹಂಚಿಕೆಯಿಲ್ಲದ ಕಂಪನಿಯನ್ನೂ ಸ್ಥಾಪಿಸಬಹುದು. ಇಬ್ಬರು ಸದಸ್ಯರಿದ್ದರೂ ಸಾಕು. ಆದರೆ ನಿರ್ದೇಶಕರ ಗುರುತಿನ ಸಂಖ್ಯೆ, ಡಿಜಿಟಲ್ ಸಹಿ, ಶಾಸನಬದ್ಧ ಲೆಕ್ಕಪರಿಶೋಧಕರು, ಪ್ರತಿ ವರ್ಷ ಸಲ್ಲಿಸಬೇಕಾದ ನಮೂನೆಗಳು, ತಡವಾದರೆ ದಿನವಹಿ ಶುಲ್ಕ ಇವೆಲ್ಲವೂ ಜೊತೆಗೆ ಬರುತ್ತವೆ. ಹಲವು ಜಿಲ್ಲೆಗಳಲ್ಲಿ ಕೆಲಸ ಮಾಡುವ, ವೇತನದ ಸಿಬ್ಬಂದಿಯುಳ್ಳ ಸಂಸ್ಥೆಗೆ ಇದು ಹೊಂದುತ್ತದೆ. ಒಂದು ಹೋಬಳಿಯ ತಂಡಕ್ಕೆ ಅನಗತ್ಯ ಭಾರ.

ಅನುದಾನಕ್ಕೆ ಸಿದ್ಧತೆ

ರೂಪ ಯಾವುದೇ ಆಗಿರಲಿ, ಎರಡು ಷರತ್ತುಗಳು ಮೂಲ ಪತ್ರದಲ್ಲೇ ಇರಬೇಕು. ಆದಾಯ ಮತ್ತು ಆಸ್ತಿ ಸದಸ್ಯರಿಗೆ ಲಾಭವಾಗಿ ಹಂಚಿಕೆಯಾಗಬಾರದು. ಸಂಸ್ಥೆ ವಿಸರ್ಜನೆಯಾದರೆ ಉಳಿದ ಆಸ್ತಿ ಸಮಾನ ಉದ್ದೇಶದ ಮತ್ತೊಂದು ಸಂಸ್ಥೆಗೆ ಸೇರಬೇಕು. ಆದಾಯ ತೆರಿಗೆ ನೋಂದಣಿಯ ಪರಿಶೀಲನೆಯ ವೇಳೆ ಇವುಗಳನ್ನು ನೋಡಲಾಗುತ್ತದೆ. ಉದ್ದೇಶಗಳ ಪದಗಳಲ್ಲಿಯೂ ಎಚ್ಚರ ಬೇಕು. ನಿರ್ದಿಷ್ಟ ಧರ್ಮದ ಅಥವಾ ಜಾತಿಯ ಜನರ ಪ್ರಯೋಜನಕ್ಕೆಂದು ಬರೆದುಕೊಂಡ ಸಂಸ್ಥೆಗೆ 80ಜಿ ಅನುಮೋದನೆ ದೊರೆಯುವುದಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆಯರು ಮತ್ತು ಮಕ್ಕಳ ವಿಷಯದಲ್ಲಿ ಇದಕ್ಕೆ ವಿನಾಯಿತಿಯಿದೆ.

ನೋಂದಣಿಯ ನಂತರ ಸಂಸ್ಥೆಯ ಹೆಸರಿನಲ್ಲಿ ಪ್ಯಾನ್, ಬ್ಯಾಂಕ್ ಖಾತೆ, ಅನಂತರ ಆದಾಯ ತೆರಿಗೆ ಕಾಯ್ದೆ, 1961ರ 12ಎಬಿ ನೋಂದಣಿ ಮತ್ತು 80ಜಿ ಅನುಮೋದನೆ ಪಡೆಯುವುದು ಕ್ರಮ. 2026ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆ, 2025 ಜಾರಿಯಾಗುವುದರಿಂದ ಕಲಂಗಳ ಸಂಖ್ಯೆ ಬೇರೆಯಾಗುತ್ತದೆಯಾದರೂ ಬಳಕೆಯಲ್ಲಿ ಹಳೆಯ ಹೆಸರುಗಳೇ ರೂಢಿಯಲ್ಲಿವೆ. 1961ರ ಕಾಯ್ದೆಯ ಕ್ರಮದಲ್ಲಿ ಹೊಸ ಸಂಸ್ಥೆಗೆ ಮೊದಲು 3 ವರ್ಷಗಳ ತಾತ್ಕಾಲಿಕ ನೋಂದಣಿ ದೊರೆಯುತ್ತದೆ. ಅದರ ಅವಧಿ ಮುಗಿಯುವ 6 ತಿಂಗಳ ಮೊದಲು, ಅಥವಾ ಚಟುವಟಿಕೆ ಆರಂಭವಾದ 6 ತಿಂಗಳೊಳಗೆ, ಯಾವುದು ಮೊದಲೋ ಆ ವೇಳೆಗೆ ಮುಂದಿನ ಅರ್ಜಿ ಸಲ್ಲಿಸಬೇಕು. ಪ್ರಮಾಣಪತ್ರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಮೇಲೆ ಈ ಗಡುವು ಮರೆತುಹೋಗುವುದೇ ಹೆಚ್ಚು.

ದಾನಿಗಳಿಗೆ 80ಜಿ ವಿನಾಯಿತಿಯ ಆಶ್ವಾಸನೆ ನೀಡುವಾಗ ಮಿತಿಗಳನ್ನೂ ತಿಳಿಸಬೇಕು. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆ ವಿನಾಯಿತಿಯಿಲ್ಲ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡ ವ್ಯಕ್ತಿಗಳಿಗೂ ಇಲ್ಲ. ಹೆಸರು, ವಿಳಾಸ ದಾಖಲಾಗದ ದೇಣಿಗೆ ನಿಗದಿತ ಮಿತಿ ಮೀರಿದರೆ ಶೇ. 30ರ ತೆರಿಗೆಗೆ ಒಳಪಡುತ್ತದೆ. ಜಾತ್ರೆಯಲ್ಲಿ ಡಬ್ಬಿ ಹಿಡಿದು ಸಂಗ್ರಹಿಸುವ ತಂಡಗಳು ರಶೀದಿ ಪುಸ್ತಕವನ್ನೂ ಜೊತೆಗೆ ಒಯ್ಯುವುದು ಒಳಿತು.

ಕೇಂದ್ರ ಸರ್ಕಾರದ ಅನುದಾನ ಬಯಸುವ ಸಂಸ್ಥೆಯು ನೀತಿ ಆಯೋಗದ ದರ್ಪಣ್ ಜಾಲತಾಣದಲ್ಲಿ ನೋಂದಾಯಿಸಿ ವಿಶಿಷ್ಟ ಸಂಖ್ಯೆ ಪಡೆಯಬೇಕು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಗೆ ಸಿಎಸ್‌ಆರ್-1 ನಮೂನೆಯ ನೋಂದಣಿ 2021ರ ಏಪ್ರಿಲ್ 1ರಿಂದ ಕಡ್ಡಾಯವಾಗಿದೆ. 12ಎ ಮತ್ತು 80ಜಿ ಜೊತೆಗೆ ಸ್ವತಂತ್ರ ಸಂಸ್ಥೆಗೆ 3 ವರ್ಷಗಳ ಕಾರ್ಯಾನುಭವವೂ ಇರಬೇಕು. ವಿದೇಶಿ ದೇಣಿಗೆಗೆ 2010ರ ಕಾಯ್ದೆಯ ಪ್ರಕಾರ ನೋಂದಣಿ ಬೇಕಾಗಿದ್ದು, ಅದಕ್ಕೆ ಸಾಮಾನ್ಯವಾಗಿ 3 ವರ್ಷಗಳ ಅಸ್ತಿತ್ವ ಹಾಗೂ ಆ ಅವಧಿಯಲ್ಲಿ ಮೂಲ ಉದ್ದೇಶಗಳಿಗೆ ಕನಿಷ್ಠ 15 ಲಕ್ಷ ರೂಪಾಯಿ ವೆಚ್ಚ ತೋರಿಸಬೇಕಾಗುತ್ತದೆ. ಅದು ಆಗುವವರೆಗೆ ವಿದೇಶಿ ಪೌರತ್ವ ಪಡೆದಿರುವ ಊರಿನವರ ದೇಣಿಗೆಯನ್ನು ಸ್ವೀಕರಿಸುವಂತಿಲ್ಲ, ಅವರು ಎಷ್ಟೇ ಆಪ್ತರಾಗಿದ್ದರೂ.

ಈ ಮೂರು ವರ್ಷ ಎಂಬ ಮಾತನ್ನು ಹಲವರು ಕಾಯುವ ಅವಧಿಯೆಂದು ತಿಳಿಯುತ್ತಾರೆ. ಅನುದಾನ ನೀಡುವವರು ನೋಡುವುದು ಆ ಮೂರು ವರ್ಷಗಳ ಕಾಗದವನ್ನು: ಪರಿಶೋಧಿತ ಲೆಕ್ಕ, ನಡಾವಳಿ ಪುಸ್ತಕ, ದಾಸ್ತಾನು ಪುಸ್ತಕ, ಯಾವ ಮಂಚ ಯಾವ ಮನೆಗೆ ಯಾವ ದಿನ ಹೋಗಿ ಎಂದು ಮರಳಿತು ಎಂಬ ವಹಿ. ಐದು ಸಾವಿರ ರೂಪಾಯಿಗೆ ಸರಿಯಾದ ಓಚರ್ ಇರಿಸಿದ ಸಂಸ್ಥೆಗೆ ಐದು ಲಕ್ಷದ ಹಣಬಳಕೆ ಪ್ರಮಾಣಪತ್ರ ಸಲ್ಲಿಸುವುದು ಕಷ್ಟವಾಗದು. ಅಧ್ಯಕ್ಷರ ಬಂಧುವಿನ ಕಟ್ಟಡಕ್ಕೆ ಬಾಡಿಗೆ ಕೊಡುವುದಿದ್ದರೆ ಆ ದರ ಊರಿನ ದರಕ್ಕಿಂತ ಹೆಚ್ಚಿರಬಾರದು. ಇಲ್ಲವಾದರೆ ತೆರಿಗೆ ವಿನಾಯಿತಿಗೇ ಧಕ್ಕೆ ಬರುತ್ತದೆ.

ಮೊದಲಿನ ಉದಾಹರಣೆಯ ತಂಡವು ಸಂಘವಾಗಿ ನೋಂದಣಿಯಾಯಿತೆಂದು ಇಟ್ಟುಕೊಂಡರೆ, ಅದರ ಮೊದಲ ಸಭೆಯ ಮೊದಲ ವಿಷಯ ಹಳೆಯ ಹಣ ಮತ್ತು ಸಾಮಗ್ರಿಗಳ ವರ್ಗಾವಣೆ ಆಗಿರತಕ್ಕದ್ದು. ಖಜಾಂಚಿಯ ಖಾತೆಯಲ್ಲಿರುವ ಮೊತ್ತವೆಷ್ಟು, ಅದರಲ್ಲಿ ದೇಣಿಗೆ ಎಷ್ಟು ಎಂಬ ತಃಖ್ತೆಯನ್ನು ಸಭೆಯಲ್ಲಿ ಓದಿ, ನಡಾವಳಿಯಲ್ಲಿ ಬರೆದು, ಆ ಮೊತ್ತವನ್ನು ಚೆಕ್ಕಿನ ಮೂಲಕ ಸಂಘದ ಖಾತೆಗೆ ಜಮೆ ಮಾಡಬೇಕು. ಕೊಟ್ಟಿಗೆಯಲ್ಲಿರುವ ಮಂಚ, ಗಾಲಿಕುರ್ಚಿಗಳನ್ನು ಎಣಿಸಿ ಸಂಖ್ಯೆ ಬರೆದು ದಾಸ್ತಾನು ಪುಸ್ತಕಕ್ಕೆ ಏರಿಸಬೇಕು. ಕೊಟ್ಟಿಗೆಯ ಒಡೆಯರಿಂದಲೂ ಅವು ಸಂಘದ ಸ್ವತ್ತೆಂದು ಒಂದು ಸಹಿ ಪಡೆದಿರಬೇಕು.