ಬಾಗಿಲಿಲ್ಲದ ಗ್ರಂಥಭಂಡಾರ

ಮನುಷ್ಯನಿಗೆ ಇರುವಂತೆ ಪುಸ್ತಕಕ್ಕೂ ಒಂದು ಆಯುಸ್ಸುಂಟು. ತಾಳೆಗರಿಗೆ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿಟ್ಟರೆ ಅದು ಶತಮಾನಗಳ ಕಾಲ ಬಾಳುತ್ತದೆ. ಆದರೆ ಮರದ ತಿರುಳಿನಿಂದ ಯಂತ್ರದಲ್ಲಿ ತಯಾರಾಗುತ್ತಿದ್ದ ಹಿಂದಿನ ಅಗ್ಗದ ಕಾಗದಕ್ಕೆ ಅಷ್ಟು ತಾಳಿಕೆಯಿಲ್ಲ. ಅದರಲ್ಲಿ ಉಳಿದುಕೊಂಡ ಆಮ್ಲವು ಕಾಲಕ್ರಮದಲ್ಲಿ ಕಾಗದದ ಎಳೆಗಳನ್ನು ಒಳಗಿನಿಂದಲೇ ಕಡಿಯುತ್ತದೆ. ಹಾಳೆಯು ಮೊದಲು ಹಳದಿಯಾಗಿ, ಬಳಿಕ ಕಂದಾಗಿ, ಕೊನೆಗೆ ಹಪ್ಪಳದಂತೆ ಮುರಿಯುತ್ತದೆ. ನೂರು ವರ್ಷಗಳ ಹಿಂದೆ ಅಚ್ಚಾದ ಕನ್ನಡ ಪುಸ್ತಕಗಳಲ್ಲಿ ಎಷ್ಟೋ ಇಂಥ ಕಾಗದದ ಮೇಲಿವೆ.

ಹಳೆಯ ಬೆಂಗಳೂರಿನ ಬಡಾವಣೆಗಳು ಪುಸ್ತಕಗಳಿಗೆ ಆಶ್ರಯವಿತ್ತ ತಾಣಗಳು. ಚಾಮರಾಜಪೇಟೆಯಲ್ಲಿ, 1915ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿನ ಮಂದಿರವಿದೆ. ಬಸವನಗುಡಿಗೆ ಹೊಂದಿಕೊಂಡ ನರಸಿಂಹರಾಜ ಕಾಲೋನಿಯಲ್ಲಿ, ಡಿ. ವಿ. ಗುಂಡಪ್ಪನವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಿದೆ. ಅದೇ ಕಾಲೋನಿಯಲ್ಲಿ ಬಿ.ಎಂ.ಶ್ರೀ. ಪ್ರತಿಷ್ಠಾನವೂ ಇದೆ. ಮಲ್ಲೇಶ್ವರದ ಅಂಚಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಿದೆ. ಕಾಲಿಗೆ ಬಲವುಳ್ಳವನು ಇವೆಲ್ಲವನ್ನೂ ಒಂದೇ ದಿನದಲ್ಲಿ ನಡೆದೇ ನೋಡಿ ಬರಬಹುದು. ಆದರೆ ಬೀದರಿನ ವಿದ್ಯಾರ್ಥಿಗೆ, ಕಾಸರಗೋಡಿನ ಅಧ್ಯಾಪಕನಿಗೆ, ಅಮೆರಿಕದಲ್ಲಿ ನೆಲಸಿದ ಕನ್ನಡತಿಗೆ ಅಲ್ಲಿನ ಒಂದು ಹಳೆಯ ಪುಸ್ತಕ ಬೇಕಾದರೆ ಮಾಡುವುದೇನು? ಅವರು ಬಂದು ತಲಪುವಷ್ಟರಲ್ಲಿ ಆ ಪುಸ್ತಕ ಉಳಿದಿರುವುದೆಂಬ ಭರವಸೆಯಾದರೂ ಏನು?

ಕನ್ನಡಿಗರಿಗೆ ಈ ಕಷ್ಟ ಹೊಸದಲ್ಲ. ಅದರ ಪರಿಹಾರವೂ ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿಯೆಂದು ಹೆಸರಾದ ಅತ್ತಿಮಬ್ಬೆಯು ಪೊನ್ನ ಕವಿಯ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ತಿಳಿದುಬರುತ್ತದೆ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಕಂಟದ ಮೊನೆಯಿಂದ ಒಂದೊಂದು ಗರಿಯನ್ನೂ ಕೊರೆದು ಸಾವಿರ ಪ್ರತಿಗಳನ್ನು ಸಿದ್ಧಪಡಿಸುವುದೆಂದರೆ ಸಾಮಾನ್ಯ ಸಾಹಸವಲ್ಲ. ಒಂದು ಪ್ರತಿ ಒಂದೇ ಮನೆಯಲ್ಲಿದ್ದರೆ ಬೆಂಕಿಗೋ ಗೆದ್ದಲಿಗೋ ತುತ್ತಾಗಬಹುದು. ಸಾವಿರ ಊರುಗಳಲ್ಲಿದ್ದರೆ ಎಲ್ಲಾದರೂ ಒಂದು ಕಡೆ ಉಳಿದೀತು. ಆ ಮಹಾತಾಯಿ ದಾನದ ಪುಣ್ಯಕ್ಕಾಗಿ ಈ ಕೆಲಸ ಮಾಡಿರಬಹುದು. ಅದರಲ್ಲಿ ಗ್ರಂಥರಕ್ಷಣೆಯ ಉಪಾಯವೂ ಅಡಗಿತ್ತು.

ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ ಇದೇ ಉಪಾಯ ಬೇರೊಂದು ರೂಪ ತಾಳಿತು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಜ್ ರೆಡ್ಡಿಯವರೂ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಬಾಲಕೃಷ್ಣನ್ ಅವರೂ ಕೈಜೋಡಿಸಿ ಹತ್ತು ಲಕ್ಷ ಪುಸ್ತಕಗಳ ಪುಟಗಳನ್ನು ಗಣಕಯಂತ್ರಕ್ಕೆ ಇಳಿಸುವ ಯೋಜನೆಯಲ್ಲಿ ತೊಡಗಿದರು. ಚೀನ ಮತ್ತು ಈಜಿಪ್ಟ್ ದೇಶಗಳೂ ಜೊತೆಗೂಡಿದವು. ನಮ್ಮ ದೇಶದ ಭಾಗಕ್ಕೆ ಭಾರತದ ಡಿಜಿಟಲ್ ಗ್ರಂಥಾಲಯವೆಂದು ಹೆಸರಾಯಿತು. ಸಾವಿರಾರು ಕನ್ನಡ ಪುಸ್ತಕಗಳು ಅದರಲ್ಲಿ ಸೇರಿದವು. ಕೆಲಸ ಅವಸರದ್ದೆಂಬುದನ್ನು ಮರೆಮಾಚಬೇಕಾಗಿಲ್ಲ. ಕೆಲವು ಪುಸ್ತಕಗಳಲ್ಲಿ ಪುಟಗಳು ತಪ್ಪಿದ್ದವು. ಕೆಲವುದರ ಹೆಸರುಗಳು ಗುರುತು ಸಿಗದಷ್ಟು ಕೆಟ್ಟಿದ್ದವು. ಹೆಸರು ಕೆಟ್ಟ ಪುಸ್ತಕ ಕಪಾಟಿನ ಹಿಂದೆ ಬಿದ್ದ ಪುಸ್ತಕದಂತೆ. ಇದ್ದೂ ಇಲ್ಲದಂತೆಯೇ ಸರಿ.

ಮುಂದೆ ಈ ಭಂಡಾರದ ತಾಣವೇ ಮುಚ್ಚಿಹೋಯಿತು. ಲೇಖಕರ ಹಕ್ಕು ಇನ್ನೂ ಉಳಿದಿದ್ದ ಪುಸ್ತಕಗಳೂ ಅದರಲ್ಲಿ ಸೇರಿದ್ದುದು ಇದಕ್ಕೆ ಒಂದು ಕಾರಣ. ಅಷ್ಟರಲ್ಲಿ, ಸಾರ್ವಜನಿಕ ದಾಖಲೆಗಳು ಎಲ್ಲರಿಗೂ ದೊರೆಯಬೇಕೆಂದು ದುಡಿಯುತ್ತಿದ್ದ ಕಾರ್ಲ್ ಮಾಲಮೂದ್ ಎಂಬ ಅಮೆರಿಕನ್ನರು ಅದರಲ್ಲಿದ್ದ ಲಕ್ಷಾಂತರ ಪುಸ್ತಕಗಳ ಪ್ರತಿ ತೆಗೆದು ಸ್ಯಾನ್ ಫ್ರಾನ್ಸಿಸ್ಕೊ ನಗರದ ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯಲ್ಲಿ ಇರಿಸಿದ್ದರು. 1996ರಲ್ಲಿ ಬ್ರೂಸ್ಟರ್ ಕಾಲ್ ಎಂಬುವರು ಆರಂಭಿಸಿದ ಈ ಸಂಸ್ಥೆಯ ಭಂಡಾರಕ್ಕೆ ಚಂದಾ ಇಲ್ಲ, ಬಾಗಿಲೂ ಇಲ್ಲ. ಮಲ್ಲೇಶ್ವರದ ಬಳಿ ಮುಚ್ಚಿಹೋದ ಭಂಡಾರದ ಪುಸ್ತಕವನ್ನು ಮಲ್ಲೇಶ್ವರದ ಓದುಗನೇ ಶಾಂತಸಾಗರದ ಆಚೆಯ ದಡದಿಂದ ತರಿಸಿಕೊಂಡು ಓದುವಂತಾಯಿತು.

ಈಗ ಬೆಂಗಳೂರಿನಲ್ಲಿ ಓಂಶಿವಪ್ರಕಾಶ್ ಮತ್ತು ಅವರ ಸಂಗಡಿಗರು ಮಾಲಮೂದ್ ಅವರ ಸಹಕಾರದೊಡನೆ, ಜ್ಞಾನದ ಸೇವಕರು ಎಂಬ ಅರ್ಥದ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಎಂಬ ಹೆಸರಿನಲ್ಲಿ ಈ ಕೆಲಸವನ್ನು ಮುಂದುವರಿಸಿದ್ದಾರೆ. ಪುಸ್ತಕದ ಬೆನ್ನು ಮುರಿಯದಂತೆ ಅದನ್ನು ಅರೆತೆರೆದ ಸ್ಥಿತಿಯಲ್ಲಿ ತೊಟ್ಟಿಲಿನಂಥ ಪೀಠದ ಮೇಲೆ ಇಡುತ್ತಾರೆ. ಮೇಲಿನಿಂದ ಗಾಜು ಇಳಿದು ಹಾಳೆಯನ್ನು ಸಮನಾಗಿ ಒತ್ತುತ್ತದೆ. ಎರಡು ಕ್ಯಾಮೆರಾಗಳು ಎರಡು ಪುಟಗಳ ಚಿತ್ರ ತೆಗೆಯುತ್ತವೆ. ಹಾಳೆ ಮಗುಚುವುದು ಮಾತ್ರ ಮನುಷ್ಯನ ಬೆರಳೇ. ಮುರಿಯುವ ಕಾಗದವನ್ನು ಎಷ್ಟು ಮೆಲ್ಲನೆ ಎತ್ತಬೇಕೆಂಬುದು ಯಂತ್ರಕ್ಕಿಂತ ಬೆರಳಿಗೆ ಚೆನ್ನಾಗಿ ಗೊತ್ತು.

ಆದರೆ ಪುಟದ ಚಿತ್ರ ದೊರೆತ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಚಿತ್ರದೊಳಗಿನ ಪದವನ್ನು ಹುಡುಕಬೇಕಾದರೆ ಅದು ಅಕ್ಷರವಾಗಬೇಕು. ಅಕ್ಷರ ಗುರುತಿಸುವ ತಂತ್ರಾಂಶಗಳುಂಟು. ಅವು ಮಾಸಿದ ಅಚ್ಚಿನಲ್ಲಿ ‘ಥ’ವನ್ನು ‘ಧ’ವೆಂದೂ, ಅನುಸ್ವಾರವನ್ನು ಸೊನ್ನೆಯೆಂದೂ ಓದಿಬಿಡಬಲ್ಲವು. ತಿದ್ದಲು ಕನ್ನಡ ಬಲ್ಲ ಕಣ್ಣೇ ಬೇಕು. ವಿಕಿಸೋರ್ಸ್ ಎಂಬ ತೆರೆದ ಗ್ರಂಥಾಲಯದಲ್ಲಿ ಇದಕ್ಕೊಂದು ಸೊಗಸಾದ ಕಟ್ಟುಪಾಡಿದೆ. ಒಬ್ಬರು ಪುಟವನ್ನು ಮೂಲದ ಚಿತ್ರದೊಡನೆ ಹೋಲಿಸಿ ತಿದ್ದಿದರೆ ಅದಕ್ಕೆ ಹಳದಿ ಗುರುತು ಬೀಳುತ್ತದೆ; ಮತ್ತೊಬ್ಬರು ಪುನಃ ಪರೀಕ್ಷಿಸಿ ಒಪ್ಪಿದಾಗ ಮಾತ್ರ ಹಸಿರು ಗುರುತು. ತಾನು ತಿದ್ದಿದ ಪುಟಕ್ಕೆ ತಾನೇ ಹಸಿರು ಗುರುತು ಹಾಕಿಕೊಳ್ಳುವಂತಿಲ್ಲ. ಬಸವನಗುಡಿಯಲ್ಲಿ ಒಬ್ಬರು ರಾತ್ರಿ ತಿದ್ದಿ ಮಲಗಿದ ಪುಟವನ್ನು, ಅದೇ ಹೊತ್ತಿಗೆ ಬೆಳಗಾಗುತ್ತಿರುವ ಕ್ಯಾಲಿಫೋರ್ನಿಯದಲ್ಲಿ ಮುಖವನ್ನೇ ಕಾಣದ ಇನ್ನೊಬ್ಬರು ಪರೀಕ್ಷಿಸಬಹುದು. ಪರಸ್ಪರ ಪರಿಚಯವಿಲ್ಲದವರು ಇಷ್ಟು ನಂಬಿಕೆಯಿಂದ ಜೊತೆಗೆ ದುಡಿಯಲು ಸಾಧ್ಯವಾಗುವುದು ಪ್ರತಿಯೊಂದು ತಿದ್ದುಪಡಿಯೂ ಎಲ್ಲರ ಕಣ್ಣಿಗೆ ಬೀಳುವುದರಿಂದ.

ಹಳಗನ್ನಡದ ಪುಟಗಳಲ್ಲಿ ಇನ್ನೊಂದು ತೊಡಕಿದೆ. ನಾವು ಇಂದು ಆರು, ಏಳು ಎಂದು ಬರೆಯುವುದನ್ನು ಹಿಂದಿನವರು ‘ಆಱು’, ‘ಏೞು’ ಎಂದು ಬರೆಯುತ್ತಿದ್ದರು. ಈ ಎರಡು ಅಕ್ಷರಗಳು ರೂಢಿಯಿಂದ ಬಿಟ್ಟುಹೋದುವು. ಆದರೂ ಹಳೆಯ ಕಾವ್ಯವನ್ನು ಸರಿಯಾಗಿ ಉಳಿಸಬೇಕಾದರೆ ಅವು ಬೇಕೇ ಬೇಕು. ಜಗತ್ತಿನ ಎಲ್ಲ ಲಿಪಿಗಳಿಗೂ ಸಂಖ್ಯೆ ಗೊತ್ತುಮಾಡುವ ಯೂನಿಕೋಡ್ ಎಂಬ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಎರಡಕ್ಕೂ ಸ್ಥಾನವಿದೆ. ಸೋಜಿಗವೆಂದರೆ, ಅಲ್ಲಿ ‘ೞ’ ಅಕ್ಷರಕ್ಕೆ ‘ಫ’ ಎಂಬ ಹೆಸರು ತಪ್ಪಾಗಿ ಬಿದ್ದುಹೋಗಿದೆ. ಒಮ್ಮೆ ಕೊಟ್ಟ ಹೆಸರನ್ನು ಎಂದೂ ಬದಲಿಸಬಾರದೆಂಬುದು ಆ ಪಟ್ಟಿಯ ನಿಯಮ. ಆದ್ದರಿಂದ ತಪ್ಪು ಹೆಸರಿನ ಪಕ್ಕದಲ್ಲಿ ಅದು ತಪ್ಪೆಂಬ ಟಿಪ್ಪಣಿಯನ್ನು ಸೇರಿಸಿ ಸುಮ್ಮನಾಗಿದ್ದಾರೆ. ಕನ್ನಡ ಬಲ್ಲವರು ಇಂಥ ಕೂಟಗಳಲ್ಲಿ ಮೊದಲಿನಿಂದಲೂ ಕುಳಿತು ಮಾತನಾಡಬೇಕು ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಡ.

ಹಾಗೆಂದು ಕಂಡ ಪುಸ್ತಕವನ್ನೆಲ್ಲ ಹಂಚಬಹುದೆ? ಹಂಚಕೂಡದು. ಲೇಖಕ ತನ್ನ ಬರಹದಿಂದ ಬದುಕಬೇಕು. ಪ್ರಕಾಶಕ ಹಾಕಿದ ಬಂಡವಾಳ ಹಿಂದಿರುಗಬೇಕು. ನಮ್ಮ ದೇಶದ ಕಾಯಿದೆಯಂತೆ, ಲೇಖಕನು ತೀರಿಕೊಂಡ ವರ್ಷದ ಮರುವರ್ಷದಿಂದ 60 ವರ್ಷಗಳವರೆಗೆ ಹಕ್ಕು ಅವನ ವಾರಸುದಾರರದು. 1992ರ ತಿದ್ದುಪಡಿಗೆ ಮೊದಲು ಇದು 50 ವರ್ಷವಿತ್ತು. ಬಿ. ಎಂ. ಶ್ರೀಕಂಠಯ್ಯನವರು 1946ರಲ್ಲಿ ನಿಧನರಾದ್ದರಿಂದ, ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳು 2007ರಿಂದ ಎಲ್ಲರ ಸ್ವತ್ತಾಗಿವೆ. ಅಷ್ಟು ವರ್ಷ ಕಾಯದೆ ತಾವಾಗಿಯೇ ಕೊಟ್ಟವರೂ ಉಂಟು. ಕಾದಂಬರಿಕಾರ ನಿರಂಜನರ 55 ಪುಸ್ತಕಗಳನ್ನು ಯಾರು ಬೇಕಾದರೂ ಬಳಸಬಹುದೆಂದು ಅವರ ಕುಟುಂಬದವರು 2014ರಲ್ಲಿ ಅನುಮತಿಯಿತ್ತರು. ಮೈಸೂರು ವಿಶ್ವವಿದ್ಯಾಲಯವು ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಅದೇ ವರ್ಷ ಹೀಗೆಯೇ ತೆರೆದಿಟ್ಟಿತು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕುಳಿತು ಒಂದೂವರೆ ಲಕ್ಷಕ್ಕೂ ಮಿಕ್ಕ ಕನ್ನಡ ಪದಗಳಿಗೆ ಇಂಗ್ಲಿಷ್ ಅರ್ಥಗಳನ್ನು ಸಂಗ್ರಹಿಸಿದರು. ‘ಅಲರ್’ ಎಂಬ ಆ ನಿಘಂಟು 2019ರಲ್ಲಿ ಮುಕ್ತವಾಗಿ ಪ್ರಕಟವಾಯಿತು. ವಿದೇಶದಿಂದಲೂ ಇಂಥ ಕೊಡುಗೆ ಬಂದಿದೆ: ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಗುಂಡರ್ಟ್ ಪಂಡಿತನ ಹೆಸರಿನ ಸಂಗ್ರಹದಲ್ಲಿದ್ದ ಮಲಯಾಳಂ, ಕನ್ನಡ, ತುಳು ಗ್ರಂಥಗಳನ್ನು 2018ರಲ್ಲಿ ಜಗತ್ತಿನ ಓದುಗರಿಗೆಲ್ಲ ತೆರೆಯಿತು.

ಗೋಖಲೆ ಸಂಸ್ಥೆಯನ್ನು ಕಟ್ಟಿದ ಗುಂಡಪ್ಪನವರು ನಿಧನರಾದುದು 1975ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಗ್ರಂಥಗಳ ಹಕ್ಕು, ಕಾಯಿದೆಯ ಲೆಕ್ಕದಂತೆ, 2036ರ ಜನವರಿ 1ರಂದು ಸಾರ್ವಜನಿಕರದಾಗುತ್ತದೆ. ಇಂದು ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವವರ ವಯಸ್ಸು ಆ ಹೊತ್ತಿಗೆ ಇಪ್ಪತ್ತನ್ನು ದಾಟಿರುತ್ತದೆ. ಆ ಪುಟಗಳನ್ನು ಓದಿ, ತಿದ್ದಿ, ಹಳದಿ ಗುರುತನ್ನು ಹಸಿರಾಗಿಸುವ ಕೆಲಸ ಅಂದಿನಿಂದ ಆರಂಭವಾಗಬಹುದು.