ಹಾಸ್ಟೆಲ್‌ಗೆ ಮುಂಗಡ ಕಟ್ಟುವ ಮೊದಲು

ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿಯುತ್ತಿದ್ದಂತೆ ಬೀದರ್ ಜಿಲ್ಲೆಯ ಖಟಕ ಚಿಂಚೋಳಿಯಂಥ ಊರುಗಳಿಗೂ ವಸತಿ ಕಾಲೇಜುಗಳ ಪ್ರಚಾರದವರು ಬರುತ್ತಾರೆ. ಕೈಯಲ್ಲಿ ರ‍್ಯಾಂಕ್ ಬಂದವರ ಫೋಟೊ ತುಂಬಿದ ಕರಪತ್ರ, ಬಾಯಲ್ಲಿ ‘ಇವತ್ತೇ ಸೀಟು ಹಿಡಿದರೆ ರಿಯಾಯಿತಿ’. ಮಗ ಮಾತು ಕೇಳುವುದಿಲ್ಲ, ಮೊಬೈಲ್ ಬಿಡುವುದಿಲ್ಲ ಎಂದು ತಾಯಿ ಹೇಳಿಕೊಂಡರೆ ಸಾಕು, ‘ನಮ್ಮಲ್ಲಿ ಬಿಡಿ, ಸರಿ ಮಾಡ್ತೀವಿ’ ಎನ್ನುತ್ತಾರೆ. ಆ ಮಾತಿಗೆ ಮಾತ್ರ ಮರುಳಾಗಬೇಡಿ.

ಹಟಮಾರಿ ಮಕ್ಕಳನ್ನು ತಿದ್ದುವುದಾಗಿ ಹೇಳಿ ಹಣ ಪಡೆಯುವ ಕೇಂದ್ರಗಳ ಹಿಂಸೆ ಬಯಲಾಗಿ, ಅಮೆರಿಕವೇ 2024ರ ಡಿಸೆಂಬರ್‌ನಲ್ಲಿ ಕಾಯ್ದೆ ತಂದಿತು. ಅಂಥ ಕೇಂದ್ರದಲ್ಲಿ ನೊಂದ ಅಮೆರಿಕದ ಟಿವಿ ತಾರೆ ಪ್ಯಾರಿಸ್ ಹಿಲ್ಟನ್ ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದರು.

ಭಾರತದಲ್ಲೂ ಕೋಚಿಂಗ್ ಕೇಂದ್ರಗಳಿಗೆಂದು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದರ ಪ್ರಕಾರ ಈ ಕೇಂದ್ರಗಳು ರ‍್ಯಾಂಕಿನ ಖಾತರಿ ಕೊಡುವಂತಿಲ್ಲ. ಪೂರ್ತಿ ಶುಲ್ಕ ಕಟ್ಟಿದವರು ನಡುವೆ ಬಿಟ್ಟರೆ ಉಳಿದ ಅವಧಿಯ ಹಣವನ್ನು, ಹಾಸ್ಟೆಲ್ ಮತ್ತು ಮೆಸ್‌ನದೂ ಸೇರಿ, 10 ದಿನದೊಳಗೆ ಮರಳಿಸಬೇಕು. ಮನೆಬಾಗಿಲಿಗೆ ಬಂದವರು ಇದನ್ನು ಹೇಳುವುದಿಲ್ಲ. ಅವರ ವಸತಿ ಕಾಲೇಜಿಗೂ ಇದು ಅನ್ವಯಿಸುತ್ತದೆಯೇ ಎಂದು ನೀವೇ ಕೇಳಿ, ಬರಹದಲ್ಲಿ ಪಡೆಯಿರಿ. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಬೀದರ್ ಆಗಲಿ, ಕಲಬುರಗಿ ಆಗಲಿ, ಮಗುವನ್ನೂ ಕರೆದುಕೊಂಡು ಖುದ್ದಾಗಿ ಹೋಗಿ. ಆಫೀಸಿನ ಸೋಫಾದಲ್ಲಿ ಚಹಾ ಕುಡಿದು ಎದ್ದು ಬರಬೇಡಿ. ಮಲಗುವ ಕೋಣೆಗೆ ಎಷ್ಟು ಮಂಚ ಹಾಕಿದ್ದಾರೆ, ಶೌಚಾಲಯದ ನಲ್ಲಿಯಲ್ಲಿ ನೀರು ಬರುತ್ತದೆಯೇ ನೋಡಿ. ತಟ್ಟೆ ಹಿಡಿದು ಊಟಕ್ಕೆ ನಿಂತ ಹುಡುಗರನ್ನು ಮಾತಾಡಿಸಿ. ಮನೆಗೆ ಫೋನ್ ಮಾಡಲು ಯಾವಾಗ ಬಿಡುತ್ತಾರೆ, ನಡುರಾತ್ರಿ ಜ್ವರ ಬಂದರೆ ಯಾರು ನೋಡುತ್ತಾರೆ ಎಂಬುದು ಅವರಿಗೇ ಚೆನ್ನಾಗಿ ಗೊತ್ತು.

ಸೇರಿಸಿದ ಮೇಲೆ ಮಗು ಅತ್ತು ಫೋನ್ ಮಾಡಿದರೆ ‘ರೂಢಿ ಆಗ್ತದೆ’ ಎಂದು ಇಟ್ಟುಬಿಡಬೇಡಿ, ಹೋಗಿ ನೋಡಿ. ಹೊಡೆತದ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.